ಕಲ್ಲೇ ಇಲ್ಲದ ಊರಿನ ಬಗ್ಗೆ ನೀವು ಕೇಳಿದ್ದು

ಹಿಂದಿನ ಸಂಚಿಕೆಯಲ್ಲಿ ಇಂಡೊನೇಷ್ಯಾದ ಪಪುವಾ ಭಾಗದಲ್ಲಿರುವ ಅಗಾತ್ಸ್ ಎಂಬ ಊರಿನ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ಅಸ್ಮತ್ ಎಂಬ ಜನರ ನಾಡು ಅದು. ನದಿ, ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅದರ ನಡುವೆ ಕಂಬಗಳ ಮೇಲೆ ನಿಂತ ಊರು. ನಾನು ಅಲ್ಲಿದ್ದದ್ದು ಒಂಬತ್ತು ದಿನ, ಅದರಲ್ಲಿ ಎರಡು ದಿನ ಸುಮ್ನೆ ಮಳೆ ನೋಡ್ತಾ ಕೂತಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ಊರು ಪೂರ್ತಿ ಹಲಗೆ ಮೇಲೆ ಕಟ್ಟಿದ್ದಾರೆ ಅಂತ ಬರೆದಿದ್ದೀರಿ. ಸ್ವಲ್ಪ ಆಚೆ ಹೋಗಿ ಗಟ್ಟಿ ನೆಲದ ಮೇಲೆ ಕಟ್ಟೋಕೆ ಏನು ಕಷ್ಟ? (ಶಿರಸಿ)

ಉತ್ತರ: ಸ್ವಲ್ಪ ಆಚೆ ಅಂದರೆ ಎಷ್ಟು ಆಚೆ? ಅದೇ ತೊಂದರೆ. ಅಗಾತ್ಸ್ ಇರೋದು ನದಿಗಳು ಅರಫುರಾ ಸಮುದ್ರ ಸೇರುವ ಕಡೆ. ಉತ್ತರದ ಬೆಟ್ಟಸಾಲಿನಿಂದ ಇಳಿದು ಬರುವ ನದಿಗಳು ಸಾವಿರಾರು ವರ್ಷಗಳಿಂದ ತಂದು ಸುರಿದ ಮೆತ್ತನೆ ಮಣ್ಣೇ ಈ ನಾಡು. ಒಳಗೆ ಹೋದಷ್ಟೂ ಅದೇ ಕೆಸರು, ಅದೇ ಕಾಡು. ಬೆಟ್ಟದ ಬುಡ ಸಿಗಬೇಕಾದರೆ ಹುಟ್ಟು ಹಾಕುವ ದೋಣಿಯಲ್ಲಿ ದಿನಗಟ್ಟಲೆ ಹೋಗಬೇಕು. ದಿನಾ ಸಮುದ್ರದ ಉಬ್ಬರ ಬಂದು ಊರಿನ ಕೆಳಗೆಲ್ಲ ನೀರು ತುಂಬುತ್ತದೆ, ಇಳಿತದಲ್ಲಿ ಬರೀ ಕಪ್ಪು ಕೆಸರು ಕಾಣುತ್ತದೆ, ಅದರಲ್ಲಿ ಏಡಿಗಳು ಓಡಾಡುತ್ತಿರುತ್ತವೆ. ನಮ್ಮ ಮಂಗಳೂರು ಕಡೆ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ವ್ಯತ್ಯಾಸವೂ ಇರಲ್ಲ. ಇಲ್ಲಿ ಜೋರು ಉಬ್ಬರದ ದಿನ ನಾಲ್ಕೈದು ಮೀಟರ್ ಏರುತ್ತದೆ. ಬೆಳಿಗ್ಗೆ ಹತ್ತಿದ ದೋಣಿಕಟ್ಟೆಯಲ್ಲೇ ಸಂಜೆ ಇಳಿಯಬೇಕಾದರೆ ಏಣಿ ಹತ್ತಬೇಕಾಗುತ್ತದೆ.

ಇನ್ನೊಂದು ವಿಷಯ ಹಿಂದಿನ ಸಲ ಬರೆಯೋದೇ ಮರೆತಿದ್ದೆ. ಅಲ್ಲಿ ಕಲ್ಲು ಇಲ್ಲ. ಬೀದಿನಾಯಿಗೆ ಎಸೆಯೋಕೂ ಒಂದು ಕಲ್ಲು ಸಿಗಲ್ಲ. ಹಿಂದೆ ಮರ ಕಡಿಯಲು ಬೇಕಾದ ಕಲ್ಲಿನ ಕೊಡಲಿಯನ್ನು ಬೆಟ್ಟದ ಜನರಿಂದ, ಕೈಯಿಂದ ಕೈಗೆ ಬದಲಾಗುತ್ತಾ ಬಂದದ್ದನ್ನು, ಚಿನ್ನದ ಹಾಗೆ ಜೋಪಾನ ಮಾಡ್ತಿದ್ದರು. ಮನೆಮನೆಯಲ್ಲಿ ರುಬ್ಬುಗುಂಡು, ಒರಳು ಬಿದ್ದಿರುವ ನಾಡಿನಿಂದ ಹೋದ ನನಗೆ ಇದು ತಲೆಗೆ ಹೋಗೋಕೇ ಎರಡು ದಿನ ಬೇಕಾಯಿತು. ಈಗ ಊರೊಳಗಿನ ಹಲಗೆ ದಾರಿಗಳಲ್ಲಿ ಎಷ್ಟೋ ಭಾಗ ಕಾಂಕ್ರೀಟ್ ಆಗಿದೆ, ಆದರೆ ಅದರ ಜಲ್ಲಿ ಹಡಗಿನಲ್ಲಿ ಬರಬೇಕು. ಕಾರು ಇಲ್ಲ. ದಾರಿಯ ಮೇಲೆ ಓಡೋದು ಬ್ಯಾಟರಿ ಸ್ಕೂಟರ್ ಮಾತ್ರ. ನಮ್ಮ ಬೆಂಗಳೂರಿನಲ್ಲಿ ಅದು ಫ್ಯಾಷನ್ ಆಗುವ ಎಷ್ಟೋ ವರ್ಷ ಮೊದಲೇ ಇವರು ಬ್ಯಾಟರಿ ಗಾಡಿ ಓಡಿಸುತ್ತಿದ್ದರು. ಪರಿಸರ ಪ್ರೇಮಕ್ಕಲ್ಲ, ಹಲಗೆ ತಡೆಯಬೇಕಲ್ಲ, ಅದಕ್ಕೆ.

ಪ್ರಶ್ನೆ: ಸುತ್ತ ನೀರೇ ಇದ್ದರೂ ಕುಡಿಯುವ ನೀರಿಗೆ ಕಷ್ಟ ಅಂದಿರಿ. ನದಿ ನೀರು ಕಾಯಿಸಿ ಕುಡಿಯಬಹುದಲ್ಲ? (ತುಮಕೂರು)

ಉತ್ತರ: ಕಾಯಿಸಿದರೆ ಉಪ್ಪು ಹೋಗಲ್ಲವಲ್ಲ. ಉಬ್ಬರದ ಜೊತೆ ಸಮುದ್ರದ ನೀರು ನದಿಯೊಳಗೆ ಬಹಳ ದೂರ ನುಗ್ಗುತ್ತದೆ. ಕುಂದಾಪುರದ ಕಡೆ ಕುದ್ರುಗಳಲ್ಲಿ, ಅಂದರೆ ನದಿ ನಡುವಿನ ದ್ವೀಪಗಳಲ್ಲಿ, ಇರುವವರನ್ನು ಕೇಳಿ, ಬಾವಿಯಲ್ಲಿ ಉಪ್ಪು ನೀರು ಬಂದರೆ ಏನಾಗುತ್ತೆ ಅಂತ ಅವರು ಹೇಳ್ತಾರೆ. ಅಗಾತ್ಸ್‌ನಲ್ಲಿ ಬಾವಿ ತೋಡೋ ಮಾತೇ ಇಲ್ಲ. ಎಲ್ಲರೂ ನಂಬಿರೋದು ಮಳೆಯನ್ನು. ಮಾಡಿನ ಅಂಚಿಗೆ ಮಳೆನೀರು ಹರಿಯುವ ಕಾಲುವೆಯಂಥ ದೋಣಿ ಕಟ್ಟಿ ಪ್ಲಾಸ್ಟಿಕ್ ಟ್ಯಾಂಕಿಗೆ ನೀರು ಬಿಡುತ್ತಾರೆ. ಮಳೆ ಹೆಚ್ಚುಕಮ್ಮಿ ನಮ್ಮ ಮಂಗಳೂರಿನಷ್ಟೇ, ಆದರೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸಲ್ಲ, ವರ್ಷವಿಡೀ ಹಂಚಿಕೊಂಡು ಬರುತ್ತದೆ. ಎರಡು ಮೂರು ವಾರ ಕೈಕೊಟ್ಟರೆ ಟ್ಯಾಂಕ್ ತಳ ಕಾಣುತ್ತದೆ. ಟ್ಯಾಂಕ್ ಇಲ್ಲದ ಹಳ್ಳಿಗಳಲ್ಲಿ ಹಾಗೂ ಹೀಗೂ ಜೌಗಿನ ಕಂದು ನೀರೇ ಗತಿ. ಮನೆಯ ಶೌಚವೂ ಅದೇ ಕೆಸರಿಗೆ ಬೀಳುತ್ತದೆ ಅನ್ನೋದನ್ನು ಸೇರಿಸಿಕೊಂಡು ಯೋಚನೆ ಮಾಡಿ. ಮಕ್ಕಳಿಗೆ ಭೇದಿ ಯಾಕೆ ಬಿಡಲ್ಲ ಅಂತ ಡಾಕ್ಟರ್ ಹೇಳಬೇಕಾಗಿಲ್ಲ.

ಪ್ರಶ್ನೆ: ಅಲ್ಲಿ ಸಾಗು ಅಂತ ಮರದ ಹಿಟ್ಟು ತಿಂತಾರೆ ಅಂತ ಓದಿದೆ. ನಾವು ಏಕಾದಶಿಗೆ ಮಾಡೋ ಸಬ್ಬಕ್ಕಿ ಅದೇನಾ? ಮರದೊಳಗೆ ಹಿಟ್ಟು ಹೇಗೆ ಇರುತ್ತೆ? (ದಾವಣಗೆರೆ)

ಉತ್ತರ: ಅಕ್ಕ, ಹೆಸರು ಅದೇ, ವಸ್ತು ಬೇರೆ. ಮೂಲ ಸಬ್ಬಕ್ಕಿ ಸಾಗು ಮರದ್ದೇ, ಮಲಯ ಭಾಷೆಯ ಸಾಗು ಅನ್ನೋ ಮಾತೇ ಊರೂರು ಸುತ್ತಿದೆ. ಆದರೆ ನಮ್ಮ ಅಂಗಡಿಗೆ ಬರೋದು ಹೆಚ್ಚಾಗಿ ತಮಿಳುನಾಡಿನ ಸೇಲಂ ಕಡೆ ಮರಗೆಣಸಿನ ಪಿಷ್ಟದಿಂದ ಮಾಡಿದ್ದು. ಅಂದರೆ ನಾವು ಉಪವಾಸಕ್ಕೆ ತಿನ್ನೋದು ಗೆಣಸು.

ಸಾಗು ಮರ ತಾಳೆಯ ಜಾತಿ. ಹತ್ತು ಹದಿನೈದು ವರ್ಷ ಕಾಂಡದೊಳಗೆ ಪಿಷ್ಟ ಕೂಡಿಡುತ್ತಾ ಹೋಗುತ್ತದೆ. ಒಂದೇ ಸಲ ಹೂ ಬಿಟ್ಟು, ಕೂಡಿಟ್ಟಿದ್ದನ್ನೆಲ್ಲ ಅದಕ್ಕೇ ಖರ್ಚು ಮಾಡಿ ಸಾಯುತ್ತದೆ. ಹೂ ಬಿಡೋಕೆ ಸ್ವಲ್ಪ ಮುಂಚೆ ಕಡಿದರೆ ಹಿಟ್ಟು ನಮ್ಮದು, ತಡ ಮಾಡಿದರೆ ಮರದ್ದು. ಗಂಡಸರು ಮರ ಕೆಡವಿ ತೊಗಟೆ ಬಿಡಿಸುತ್ತಾರೆ. ಹೆಂಗಸರು ಒಳಗಿನ ತಿರುಳನ್ನು ಜಜ್ಜಿ ಜಜ್ಜಿ ನಾರು ನಾರು ಮಾಡುತ್ತಾರೆ. ಆಮೇಲೆ ಅದೇ ಮರದ ಎಲೆಯ ಬುಡದ ಹಾಳೆಯನ್ನು ತೊಟ್ಟಿಯ ಥರ ನಿಲ್ಲಿಸಿ, ಅಡಿಕೆ ಹಾಳೆ ನೆನಪಿಸಿಕೊಳ್ಳಿ, ಅದರಲ್ಲಿ ನೀರು ಹಾಕಿ ಹಿಂಡುತ್ತಾರೆ. ಹಾಲಿನಂಥ ನೀರು ಇಳಿದು ಕೆಳಗೆ ಹಿಟ್ಟು ತಂಗುತ್ತದೆ. ರಾಗಿ ಮಣ್ಣಿ ಮಾಡುವಾಗ ಹಾಲು ತೆಗೆದು ತಂಗಲು ಬಿಡುತ್ತೇವಲ್ಲ, ಅದೇ ಲೆಕ್ಕ. ಒಳ್ಳೆ ಮರ ಸಿಕ್ಕರೆ 150ರಿಂದ 300 ಕಿಲೊ ಹಿಟ್ಟು ಸಿಗುತ್ತದೆ. ಒಂದು ಕುಟುಂಬಕ್ಕೆ ವಾರಗಟ್ಟಲೆ ಊಟ. ಬಿತ್ತನೆ ಇಲ್ಲ, ಗೊಬ್ಬರ ಇಲ್ಲ, ಬಾಳೆಯ ಹಾಗೆ ಬುಡದಿಂದ ಕಂದು ಬರುತ್ತದೆ.

ನಮ್ಮಲ್ಲೂ ಇಂಥದ್ದು ಇತ್ತು. ಮಲೆನಾಡಿನ ಬಗನಿ ಮರ, ಕೆಲವರು ಬೈನೆ ಅಂತಾರೆ, ಅದರ ತಿರುಳಿನ ಹಿಟ್ಟನ್ನು ಬರಗಾಲದಲ್ಲಿ ತಿಂದವರಿದ್ದಾರೆ. ನಮಗೆ ಅದು ಬಡತನದ ನೆನಪು, ಅವರಿಗೆ ಅದು ಅನ್ನ.

ರುಚಿ? ಉಂಡೆ ಮಾಡಿ ಬೆಂಕಿಯಲ್ಲಿ ಸುಟ್ಟು ಕೊಡುತ್ತಾರೆ. ಹೊರಗೆ ಗಟ್ಟಿ, ಒಳಗೆ ಅಂಟು, ಉಪ್ಪು ಖಾರ ಏನೂ ಇಲ್ಲ. ನನ್ನ ಬ್ಯಾಗಿನಲ್ಲಿದ್ದ ಶೇಂಗಾ ಚಟ್ನಿಪುಡಿ ಆ ದಿನ ಖಾಲಿಯಾಯಿತು. ಜೊತೆಗೆ ಸಾಗು ಹುಳ. ಕಡಿದು ಬಿಟ್ಟ ಮರದಲ್ಲಿ ಮೂತಿಹುಳ ಮೊಟ್ಟೆಯಿಟ್ಟು ಹೆಬ್ಬೆರಳು ಗಾತ್ರದ ಬಿಳಿ ಮರಿಹುಳುಗಳಾಗುತ್ತವೆ. ತೆಂಗಿನ ತೋಟದವರಿಗೆ ಕೆಂಪು ಮೂತಿಹುಳ ಗೊತ್ತಲ್ಲ, ಅದರ ದಾಯಾದಿ. ನಾವು ಶಾಪ ಹಾಕೋ ಹುಳವನ್ನು ಅವರು ಹಬ್ಬಕ್ಕೆ ಕಾಯುತ್ತಾರೆ. ನಾನು ತಿಂದೆನಾ ಅಂತ ಬೇರೆ ನಾಲ್ಕು ಜನ ಕೇಳಿದ್ದೀರಿ. ಇಲ್ಲ. ಕೈಗೆ ತಗೊಂಡೆ, ಅದು ಅಲುಗಾಡಿತು, ವಾಪಸ್ ಕೊಟ್ಟೆ. ಎಲ್ಲರೂ ನಕ್ಕರು.

ನಗುವಿನ ಆಚೆಗೊಂದು ವಿಷಯವಿದೆ. ಸಾಗು ಬರೀ ಪಿಷ್ಟ. ಮೈಗೆ ಬೇಕಾದ ಪ್ರೋಟೀನು, ಕೊಬ್ಬು ಇರೋದು ಆ ಹುಳದಲ್ಲಿ, ಮೀನಿನಲ್ಲಿ, ಏಡಿಯಲ್ಲಿ. ಸಾಗು ಕಡಿಯೋಕೆ ಕಾಡಿಗೆ ಹೋದಾಗ ಇವೆಲ್ಲ ಒಟ್ಟಿಗೆ ಸಿಗುತ್ತಿದ್ದವು. ಸರ್ಕಾರದ ಅಗ್ಗದ ಅಕ್ಕಿ ಬಂತು, ಅಂಗಡಿಯಲ್ಲಿ ಇನ್‌ಸ್ಟೆಂಟ್ ನೂಡಲ್ಸ್ ಬಂತು. ಈಗ ಕಾಡಿಗೆ ಹೋಗೋದು ಕಮ್ಮಿಯಾದ ಮನೆಗಳಲ್ಲಿ ಮಗುವಿನ ತಟ್ಟೆಯಲ್ಲಿ ಅನ್ನ ಇದೆ, ನೂಡಲ್ಸ್ ಇದೆ, ಬೇರೇನೂ ಇಲ್ಲ. ಹೊಟ್ಟೆ ತುಂಬಿರುತ್ತದೆ, ಕೈಕಾಲು ಕಡ್ಡಿ. ಮುಂದಿನ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲೇ ಇದೆ.

ಪ್ರಶ್ನೆ: ನಾನು ಮೆಡಿಕಲ್ ವಿದ್ಯಾರ್ಥಿನಿ. ಅಸ್ಮತ್‌ನಲ್ಲಿ ದಡಾರದಿಂದ ಮಕ್ಕಳು ಸತ್ತ ಸುದ್ದಿ ಹಿಂದೊಮ್ಮೆ ಓದಿದ್ದೆ. ಲಸಿಕೆ ಇರುವ ಕಾಲದಲ್ಲಿ ಹಾಗೆ ಹೇಗಾಯಿತು? (ಬೆಂಗಳೂರು)

ಉತ್ತರ: 2017ರ ಸೆಪ್ಟೆಂಬರ್‌ನಿಂದ 2018ರ ಜನವರಿ ನಡುವೆ ಆದದ್ದು. 600ಕ್ಕೂ ಹೆಚ್ಚು ಮಕ್ಕಳಿಗೆ ದಡಾರ, ಜೊತೆಗೆ ಅಪೌಷ್ಟಿಕತೆ. ಸುಮಾರು 70 ಮಕ್ಕಳು ತೀರಿಕೊಂಡರು. ಹೊರಗಿನವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಷ್ಟೋ ಗೋರಿ ಆಗಿಹೋಗಿದ್ದವು.

ಲಸಿಕೆ ಇತ್ತು, ಅದು ಮಗುವಿನ ತೋಳಿಗೆ ಮುಟ್ಟಲಿಲ್ಲ. ಹೇಗೆ ಅಂತ ನೋಡಿ. ಲಸಿಕೆ ತಣ್ಣಗಿರಬೇಕು, ಹಳ್ಳಿಯಲ್ಲಿ ಕರೆಂಟ್ ಇಲ್ಲ. ಐಸ್ ಪೆಟ್ಟಿಗೆಯಲ್ಲಿಟ್ಟು ಸ್ಪೀಡ್ ಬೋಟಿನಲ್ಲಿ ಒಯ್ಯಬೇಕು, ಅರ್ಧ ದಿನದ ದಾರಿಗೆ ಡ್ರಮ್ಮುಗಟ್ಟಲೆ ಪೆಟ್ರೋಲ್ ಬೇಕು, ಅಲ್ಲಿ ಎಲ್ಲಕ್ಕಿಂತ ತುಟ್ಟಿ ಅದೇ. ಇಳಿತ ಇದ್ದರೆ ಸಣ್ಣ ಹೊಳೆಯಲ್ಲಿ ಬೋಟ್ ಕೆಸರಿಗೆ ಕೂರುತ್ತದೆ, ನೀರು ಏರೋವರೆಗೆ ಕಾಯಬೇಕು, ಐಸ್ ಕಾಯಲ್ಲ. ಅಷ್ಟೆಲ್ಲ ಮಾಡಿ ಹೋದರೆ ಹಳ್ಳಿ ಖಾಲಿ! ಮನೆಮಂದಿಯೆಲ್ಲ ಸಾಗು ಕಾಡಿನಲ್ಲಿ ಬೆವಾಕ್ ಹಾಕಿಕೊಂಡಿರುತ್ತಾರೆ. ಬೆವಾಕ್ ಅಂದರೆ ತಾತ್ಕಾಲಿಕ ಗುಡಿಸಲು, ವಾರಗಟ್ಟಲೆ ಅಲ್ಲೇ ಇರೋದು. ಹೀಗೆ ಸುತ್ತಿಗೊಂದಷ್ಟು ಮಕ್ಕಳು ತಪ್ಪಿಹೋಗುತ್ತಾರೆ. ಊಟ ಸರಿಯಿಲ್ಲದ ಮೈಗೆ ದಡಾರ ಬಂದರೆ ಏನಾಗುತ್ತದೆ ಅನ್ನೋದು ನಿಮ್ಮ ಪಠ್ಯದಲ್ಲೇ ಇದೆ.

ಆಗ ಇಂಡೊನೇಷ್ಯಾದ ಅಧ್ಯಕ್ಷರಾಗಿದ್ದ ಜೋಕೊ ವಿಡೊಡೊ ಒಂದು ಸಲಹೆ ಕೊಟ್ಟರು, ದೂರದ ಹಳ್ಳಿಗಳನ್ನು ಊರ ಹತ್ತಿರಕ್ಕೆ ಸ್ಥಳಾಂತರ ಮಾಡೋಣ ಅಂತ. ಜಿಲ್ಲೆಯ ಆಡಳಿತವೇ ಬೇಡ ಅಂದಿತು. ಒಂದೊಂದು ಕುಲಕ್ಕೂ ತನ್ನದೇ ಸಾಗು ಕಾಡು, ತನ್ನದೇ ಹೊಳೆ ಇದೆ. ಬೇರೆಯವರ ಜಾಗಕ್ಕೆ ತಂದು ಕೂರಿಸಿದರೆ ತಿನ್ನೋದು ಯಾರ ಮರ? ನನಗೂ ಅದು ಕೆಟ್ಟ ಸಲಹೆ ಅನ್ನಿಸಿತು, ಡಾಕ್ಟರನ್ನು ಸಾಗಿಸೋದು ಕಷ್ಟ ಅಂತ ಊರನ್ನೇ ಸಾಗಿಸಿದ ಹಾಗೆ. 2018ರ ಫೆಬ್ರವರಿಯಲ್ಲಿ ಇಂಡೊನೇಷ್ಯಾ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ವಿದ್ಯಾರ್ಥಿ ನಾಯಕನೊಬ್ಬ ಅಧ್ಯಕ್ಷರ ಎದುರಿಗೇ ಸೀಟಿ ಊದಿ ಹಳದಿ ಪುಸ್ತಕ ಎತ್ತಿ ತೋರಿಸಿದ, ಫುಟ್‌ಬಾಲ್ ರೆಫರಿ ಹಳದಿ ಕಾರ್ಡ್ ತೋರಿಸುತ್ತಾನಲ್ಲ, ಹಾಗೆ. ಅಸ್ಮತ್ ಬಗ್ಗೆ ಜಕಾರ್ತದಲ್ಲಿ ಅಷ್ಟು ಮಾತು ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲವೇನೋ.

ಪ್ರಶ್ನೆ: ಆ ಜನ ನರಭಕ್ಷಕರಂತೆ, ಅಮೆರಿಕದ ಕೋಟ್ಯಧಿಪತಿಯ ಮಗನನ್ನೇ ತಿಂದರಂತೆ. ನಿಮಗೆ ಭಯ ಆಗಲಿಲ್ವಾ? (ಹುಬ್ಬಳ್ಳಿ)

ಉತ್ತರ: ಸೊಳ್ಳೆಗೆ ಭಯ ಆಯಿತು. ಇಂಡೊನೇಷ್ಯಾದ ಮಲೇರಿಯಾದಲ್ಲಿ ಸಿಂಹಪಾಲು ಪಪುವಾದ್ದೇ.

ನೀವು ಹೇಳ್ತಿರೋದು ಮೈಕೆಲ್ ರಾಕ್‌ಫೆಲರ್ ಬಗ್ಗೆ. ನ್ಯೂಯಾರ್ಕ್ ರಾಜ್ಯಪಾಲನ ಮಗ, 23 ವರ್ಷ. ಅಸ್ಮತ್ ಕೆತ್ತನೆಗಳನ್ನು ಸಂಗ್ರಹಿಸಲು ಬಂದಿದ್ದ. 1961ರ ನವೆಂಬರ್‌ನಲ್ಲಿ ನದಿಯ ಬಾಯಲ್ಲಿ ಅವನ ದೋಣಿ ಕೆಟ್ಟು ಮಗುಚಿತು. ಜೊತೆಗಿದ್ದ ಇಬ್ಬರು ಸ್ಥಳೀಯ ಹುಡುಗರು ಈಜಿಕೊಂಡು ಹೋಗಿ ಸುದ್ದಿ ಮುಟ್ಟಿಸಿದರು. ಮೈಕೆಲ್ ಒಂದು ರಾತ್ರಿ ಕಾದು, ಮರುದಿನ ಖಾಲಿ ಕ್ಯಾನ್‌ಗಳನ್ನು ಕಟ್ಟಿಕೊಂಡು ದಡದ ಕಡೆ ಈಜಲು ಹೊರಟ. ಮತ್ತೆ ಕಾಣಲಿಲ್ಲ, ದೇಹ ಸಿಗಲಿಲ್ಲ. ದೋಣಿಯಲ್ಲೇ ಉಳಿದ ಡಚ್ ಮಾನವಶಾಸ್ತ್ರಜ್ಞ ರೆನೆ ವಾಸಿಂಗ್ ಬದುಕಿದ. ಮುಳುಗಿದನೋ, ಮೊಸಳೆಯೋ, ಮನುಷ್ಯರೋ ಅಂತ ಅರವತ್ತು ವರ್ಷದಿಂದ ಚರ್ಚೆ ನಡೀತಿದೆ. ಆದರೆ ಈಜಿ ಹೋಗಿ ಜನ ಕರೆತಂದ ಆ ಇಬ್ಬರು ಹುಡುಗರ ಬಗ್ಗೆ ಯಾರಾದರೂ ಕೇಳಿದ್ದಾರಾ? ನನಗೆ ಈ ಕಥೆಯಲ್ಲಿ ಕೊರೆಯೋದು ಅದೊಂದೇ.

ಹಿಂದೆ ತಲೆ ಬೇಟೆ ಇತ್ತು, ಅದನ್ನು ಅಲ್ಲಿ ಯಾರೂ ಮುಚ್ಚಿಡಲ್ಲ. ಒಂದು ಊರು ಇನ್ನೊಂದು ಊರಿನ ಮೇಲೆ ತೀರಿಸಿಕೊಳ್ಳುವ ಸೇಡಿನ ಲೆಕ್ಕ ಅದು. ಡಚ್ಚರು 1950ರ ದಶಕದಲ್ಲಿ ಠಾಣೆ ಹಾಕಿದ ಮೇಲೆ, ಪಾದ್ರಿಗಳು ಬಂದ ಮೇಲೆ ನಿಲ್ಲುತ್ತಾ ಬಂತು. ನಿಲ್ಲಿಸಲು ಬಂದವರ ಕೈಯೂ ಶುದ್ಧವಿರಲಿಲ್ಲ. 1958ರಲ್ಲಿ ಡಚ್ ಪೊಲೀಸರ ತುಕಡಿಯೊಂದು ಓಟ್ಸ್ಯನೆಪ್ ಎಂಬ ಹಳ್ಳಿಯಲ್ಲಿ ಗುಂಡು ಹಾರಿಸಿ ಜನರನ್ನು ಕೊಂದಿತ್ತು.

ಪ್ರಶ್ನೆ: ನಾವು ಮೂರು ತಲೆಮಾರಿನಿಂದ ಆಲೆಮರದ ಗೊಂಬೆ ಮಾಡೋರು. ಅವರು ಯಾವ ಮರ ಬಳಸ್ತಾರೆ, ಬಣ್ಣ ಯಾವುದು, ಮಾರಾಟ ಹೇಗೆ? (ಚನ್ನಪಟ್ಟಣ)

ಉತ್ತರ: ಗುರುಗಳೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಕೆತ್ತುವವರನ್ನು ಅಲ್ಲಿ ವೊವ್ ಇಪಿತ್ಸ್ ಅಂತಾರೆ, ಊರಲ್ಲಿ ದೊಡ್ಡ ಗೌರವ. ಅವರ ಪ್ರಕಾರ ಮನುಷ್ಯನೇ ಮರದಿಂದ ಬಂದವನು. ಫುಮೆರಿಪಿತ್ಸ್ ಎಂಬ ಮೂಲಪುರುಷ ಒಂಟಿಯಾಗಿದ್ದ. ದೊಡ್ಡ ಮನೆ ಕಟ್ಟಿದ, ಬೇಜಾರು ಕಳೆಯಲಿಲ್ಲ. ಮರದಲ್ಲಿ ಗಂಡು ಹೆಣ್ಣು ಗೊಂಬೆಗಳನ್ನು ಕೆತ್ತಿ ನಿಲ್ಲಿಸಿದ, ಆಗಲೂ ಕಳೆಯಲಿಲ್ಲ. ಕೊನೆಗೆ ಡೋಲು ಮಾಡಿ ಬಾರಿಸಿದ, ಗೊಂಬೆಗಳ ಮೊಣಕಾಲು ಅಲುಗಿತು, ಕುಣಿದವು. ಅವರೇ ಅಸ್ಮತ್ ಜನ.

ಎಲ್ಲಕ್ಕಿಂತ ಹೆಸರಾದದ್ದು ಬಿಸ್ ಕಂಬ. ಕಾಂಡ್ಲಾ ಜಾತಿಯ ದೊಡ್ಡ ಮರವನ್ನು ತಲೆಕೆಳಗು ನಿಲ್ಲಿಸಿ, ಹಲಗೆಯಂಥ ಒಂದು ಬೇರನ್ನು ಮಾತ್ರ ಉಳಿಸಿಕೊಂಡು, ಒಬ್ಬರ ಮೇಲೊಬ್ಬರು ನಿಂತ ಹಿರಿಯರನ್ನು ಕೆತ್ತುತ್ತಾರೆ. ಪ್ರತಿ ಆಕೃತಿಗೂ ತೀರಿಹೋದವರೊಬ್ಬರ ಹೆಸರು. ಬಣ್ಣ ಮೂರೇ. ಚಿಪ್ಪು ಸುಟ್ಟ ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು, ಇದ್ದಿಲ ಕಪ್ಪು. ಅರಗು ಇಲ್ಲ, ಮರ ತಿರುಗಿಸುವ ಚರಕಿ ಇಲ್ಲ. ಹಬ್ಬ ಮುಗಿದ ಮೇಲೆ ಕಂಬವನ್ನು ಸಾಗು ತೋಪಿಗೆ ಒಯ್ದು ಬಿಟ್ಟುಬರುತ್ತಿದ್ದರು, ಕೊಳೆಯಲಿ ಅಂತಲೇ. ಹಿರಿಯರ ಸತ್ವ ಸಾಗುವಿಗೆ ಸೇರಬೇಕಲ್ಲ. ನಾವು ಗೌರಿ ಗಣೇಶನನ್ನು ಬಾವಿಗೆ ಬಿಡುತ್ತೇವೆ. ಕೊಳೆಯಬೇಕಾದ ಕಂಬಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಎಸಿ ಗಾಳಿಯಲ್ಲಿ ನಿಂತಿವೆ, ರಾಕ್‌ಫೆಲರ್ ಸಂಗ್ರಹಿಸಿದ್ದೂ ಅಲ್ಲೇ.

1960ರ ದಶಕದಲ್ಲಿ ಇಂಡೊನೇಷ್ಯಾ ಆಡಳಿತ ಬಂದಾಗ ಇದೆಲ್ಲ ಅನಾಗರಿಕ ಅಂತ ಹಬ್ಬಗಳನ್ನೇ ನಿಷೇಧಿಸಿ, ಜೆವ್ ಎಂಬ ಗಂಡಸರ ದೊಡ್ಡ ಮನೆಗಳನ್ನು ಸುಟ್ಟಿದ್ದೂ ಉಂಟು. ಕೆತ್ತನೆ ಉಳಿಸಿದವರಲ್ಲಿ ಅಮೆರಿಕದಿಂದ ಬಂದ ಪಾದ್ರಿ, ಆಮೇಲೆ ಬಿಷಪ್ ಆದ ಆಲ್ಫೋನ್ಸ್ ಸೊವಾಡ ಒಬ್ಬರು. ಅಗಾತ್ಸ್‌ನ ಮ್ಯೂಸಿಯಂ 1973ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ. ಈಗ ಅಕ್ಟೋಬರ್ ಹೊತ್ತಿಗೆ ಊರಲ್ಲಿ ಉತ್ಸವ, ಕೆತ್ತನೆಗಳ ಹರಾಜು ನಡೆಯುತ್ತದೆ. ದೂರದ ಹಳ್ಳಿಯ ಕುಶಲಕರ್ಮಿಗೆ ವರ್ಷದ ದೊಡ್ಡ ದುಡ್ಡು ಅದೇ. ಉಳಿದ ದಿನ ಗಿರಾಕಿ ಇಲ್ಲ. ಈ ಕಷ್ಟ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಗಂಧದಕಡ್ಡಿಗೆ ಬಳಸುವ ಅಗರು ಪಪುವಾದಿಂದ ಬರುತ್ತದೆಯೇ? (ಮೈಸೂರು)

ಉತ್ತರ: ಪಪುವಾದ ಕಾಡಿನಲ್ಲೂ ಅಗರು ಇದೆ. ಅಲ್ಲಿ ಗಹಾರು ಅಂತಾರೆ, ನಮ್ಮ ಅಗರು ಅನ್ನೋ ಮಾತಿನ ನೆಂಟನೇ ಅದು. ಮರಕ್ಕೆ ಶಿಲೀಂಧ್ರ ತಗುಲಿ ಗಾಯವಾದ ಕಡೆ ಕಪ್ಪು ರಾಳ ಕಟ್ಟುತ್ತದೆ, ಬೆಲೆ ಅದಕ್ಕೆ. 1990ರ ದಶಕದಲ್ಲಿ ಇದರ ವ್ಯಾಪಾರಿಗಳು ಅಸ್ಮತ್ ನದಿಗಳಿಗೆ ನುಗ್ಗಿದರು. ಜೊತೆಗೆ ಹೆಂಡ ಬಂತು, ವೇಶ್ಯಾವಾಟಿಕೆ ಬಂತು, ಎಚ್‌ಐವಿ ಬಂತು. ಮರ ಖಾಲಿಯಾದ ಮೇಲೆ ವ್ಯಾಪಾರಿಗಳು ಹೋದರು, ರೋಗ ಹೋಗಲಿಲ್ಲ. ನೀವು ಹತ್ತು ರೂಪಾಯಿಗೆ ಕೊಳ್ಳುವ ಕಡ್ಡಿಯಲ್ಲಿ ನಿಜವಾದ ಅಗರು ಇರಲ್ಲ, ಆ ಚಿಂತೆ ಬಿಡಿ.

ಪ್ರಶ್ನೆ: ನಾನು ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು. ಅಲ್ಲಿ ಶಾಲೆ ಹೇಗೆ ನಡೆಯುತ್ತದೆ? (ರಾಯಚೂರು)

ಉತ್ತರ: ಮೇಷ್ಟ್ರೇ, ಗುಳೆ ಹೋಗುವ ಮನೆಗಳ ಮಕ್ಕಳ ಹಾಜರಾತಿ ನಿಮಗೆ ಗೊತ್ತು. ಅಲ್ಲೂ ಹಾಗೇ, ಅಪ್ಪ ಅಮ್ಮ ಸಾಗು ಕಾಡಿಗೆ ಹೊರಟರೆ ಮಕ್ಕಳೂ ದೋಣಿ ಹತ್ತುತ್ತಾರೆ. ವ್ಯತ್ಯಾಸ ಇಷ್ಟೇ, ನಮ್ಮವರು ಕೂಲಿಗೆ ಹೋಗುತ್ತಾರೆ, ಅವರು ಊಟಕ್ಕೆ. ಕಟ್ಟಡ ಇದೆ, ಗುರು ಇದ್ದಾರೆ (ಅಲ್ಲೂ ಗುರು ಅಂತಲೇ ಕರೆಯೋದು), ಆದರೆ ದೂರದ ಹಳ್ಳಿಗೆ ನೇಮಕವಾದ ಗುರು ಸಂಬಳಕ್ಕೆ, ಮೀಟಿಂಗಿಗೆ ಅಂತ ಅಗಾತ್ಸ್‌ಗೆ ಬಂದವರು ಬೇಗ ವಾಪಸ್ ಹೋಗಲ್ಲ. ಅವರನ್ನು ಬೈಯೋದು ಸುಲಭ. ವಾಪಸ್ ಹೋಗೋ ಪೆಟ್ರೋಲ್ ಲೆಕ್ಕ ಹಾಕಿದರೆ ಬೈಗುಳ ಅರ್ಧಕ್ಕೆ ನಿಲ್ಲುತ್ತದೆ.

ಪ್ರಶ್ನೆ: ಹೋಗೋದು ಹೇಗೆ? ಖರ್ಚೆಷ್ಟು? (ಉಡುಪಿ, ಬೆಳಗಾವಿ ಮತ್ತು ಹಾಸನದಿಂದ)

ಉತ್ತರ: ಜಕಾರ್ತದಿಂದ ತಿಮಿಕಾಗೆ ವಿಮಾನ, ಅಲ್ಲಿಂದ ಸಣ್ಣ ವಿಮಾನದಲ್ಲಿ ಎವೆರ್, ಅಲ್ಲಿಂದ ಸ್ಪೀಡ್ ಬೋಟಿನಲ್ಲಿ ಸ್ವಲ್ಪ ಹೊತ್ತು. ಇಲ್ಲವಾದರೆ ಸರ್ಕಾರಿ ಪೆಲ್ನಿ ಹಡಗು, ಬಂದಾಗ ಬರುತ್ತದೆ. ಸಣ್ಣ ವಿಮಾನಕ್ಕೆ ಮೋಡ ಅಡ್ಡ, ಬೋಟಿಗೆ ಇಳಿತ ಅಡ್ಡ. ಖರ್ಚಿಗಿಂತ ಜಾಸ್ತಿ ರಜಾ ಇಟ್ಟುಕೊಂಡು ಹೋಗಿ. ಮಲೇರಿಯಾ ಮಾತ್ರೆ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ. ಟ್ರಾಲಿ ಸೂಟ್‌ಕೇಸ್ ಬೇಡ, ನನ್ನದರ ಗಾಲಿ ಹಲಗೆ ಸಂದಿಯಲ್ಲಿ ಸಿಕ್ಕಿ ಕಿತ್ತು ಕೆಳಗೆ ಬಿತ್ತು, ಈಗಲೂ ಅಲ್ಲೇ ಕೆಸರಲ್ಲಿದೆ.

ಪ್ರಶ್ನೆ: ಅಗಾತ್ಸ್ ಊರು ಮೆರೌಕೆ ಜಿಲ್ಲೆಯಲ್ಲಿದೆ ಅಂತ ಬರೆದಿದ್ದೀರಿ. ತಪ್ಪು. ಜೊತೆಗೆ ಒಂದು ಕಡೆ ಪಪುವಾ ನ್ಯೂಗಿನಿ ಅಂತಲೂ ಆಗಿದೆ. (ಧಾರವಾಡ)

ಉತ್ತರ: ಎರಡೂ ತಪ್ಪೇ. ಅಸ್ಮತ್ 2002ರಲ್ಲೇ ಮೆರೌಕೆಯಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಗಿದೆ, ಅಗಾತ್ಸ್ ಅದರ ಕೇಂದ್ರ. 2022ರಿಂದ ದಕ್ಷಿಣ ಪಪುವಾ ಎಂಬ ಹೊಸ ಪ್ರಾಂತ್ಯಕ್ಕೆ ಸೇರಿದೆ, ಆ ಪ್ರಾಂತ್ಯದ ರಾಜಧಾನಿ ಮೆರೌಕೆ. ಪಪುವಾ ನ್ಯೂಗಿನಿ ಅದೇ ದ್ವೀಪದ ಪೂರ್ವದ ಅರ್ಧ, ಬೇರೆ ದೇಶ. ನನ್ನ ಹತ್ತಿರ ಇದ್ದದ್ದು ಹಳೇ ನಕ್ಷೆ. ಹೊಸದು ತರಿಸಿದ್ದೇನೆ.